ಗೇಟಿನಲ್ಲಿ ನಿಂತದ್ದು

ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಐರ್ಲೆಂಡಿನ ಟಾಲಾಕ್ಕೆ ಬಂದ ಅಮ್ಮನಿಗೆ ಇಲ್ಲಿನ ರೀತಿನೀತಿ ಕಲಿಸುವ ಮೇಷ್ಟ್ರು ನಾನೇ. ಬಸ್ಸಿನಿಂದ ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಬೇಕು. ಹೇಗಿದ್ದೀರಿ ಎಂದವರಿಗೆ ಮಂಡಿನೋವಿನ ಪುರಾಣ ಬಿಚ್ಚದೆ 'ಗ್ರ್ಯಾಂಡ್' ಎಂದು ಮುಗಿಸಬೇಕು. ಬೋರ್ಡುಗಳಲ್ಲಿ ಮೇಲಿನದು ಐರಿಷ್, ಕೆಳಗಿನದು ಇಂಗ್ಲಿಷ್. ಅಮ್ಮ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು.

ಅವಳು ಬಂದ ಹದಿನೈದು ದಿನಕ್ಕೆ ಲಾಕ್‌ಡೌನ್ ಆಯಿತು. ಆಮೇಲೆ ಪಕ್ಕದ ಮನೆಯ ಅಜ್ಜ ಆಸ್ಪತ್ರೆಯಲ್ಲಿ ತೀರಿಕೊಂಡರು. ಚರ್ಚಿನೊಳಗೆ ಬೆರಳೆಣಿಕೆಯ ಜನಕ್ಕಷ್ಟೇ ಅವಕಾಶ. ಶವದ ಕಾರು ನಮ್ಮ ಬೀದಿಯಲ್ಲಿ ನಿಧಾನವಾಗಿ ಹಾದುಹೋಗುತ್ತದೆ, ಅವರವರ ಗೇಟಿನಲ್ಲಿ ನಿಂತು ಬೀಳ್ಕೊಡಿ ಎಂದು ವಾಟ್ಸಾಪಿನಲ್ಲಿ ಬಂತು. ಹಿಂದಿನ ವರ್ಷ ನನ್ನ ಮೊದಲ ಬಸಿರು ಮೂರು ತಿಂಗಳಿಗೇ ಹೋದಾಗ ವಾರವಿಡೀ ಸೂಪ್ ತಂದುಕೊಟ್ಟವರು ಆ ಮನೆಯ ಅಜ್ಜಿ. ಈಗ ಹೋಗಿ ಅವರ ಕೈ ಹಿಡಿಯುವಂತೆಯೂ ಇರಲಿಲ್ಲ. ನಿಲ್ಲುವುದೊಂದೇ ಉಳಿದಿತ್ತು.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಬಸುರಿ ಹೆಂಗ್ಸು ಹೆಣ ನೋಡ್ಬಾರ್ದು ಕಣೆ. ಅಳಿಯಂದ್ರು ಆಗ್ಲೇ ನಿಂತಿದಾರಲ್ಲ, ಸಾಕು."

"ಇಲ್ಲಿ ಹಂಗೆಲ್ಲ ಇಲ್ಲಮ್ಮ. ನಿಲ್ಲದಿದ್ರೆ ಅಜ್ಜಿಗೆ ಅವಮಾನ."

"ಏಳು ತಿಂಗ್ಳು ತುಂಬಿದೆ. ನನ್ ಮಾತು ಕೇಳು."

ಕಾರು ತಿರುವಿಗೆ ಬಂದಿತ್ತು. ನನಗೆ ರೇಗಿಹೋಯಿತು.

"ಹೋದ್ಸಲ ನಿನ್ ಶಾಸ್ತ್ರ ಎಲ್ಲ ಮಾಡಿದ್ನಲ್ಲ, ಮಗು ಉಳೀತಾ?"

ಅಮ್ಮನ ಮುಖ ಸಪ್ಪಗಾಯಿತು. ಪಕ್ಕಕ್ಕೆ ಸರಿದಳು. ಆಡಬಾರದ್ದು ಆಡಿದೆನೆಂದು ಗೊತ್ತಿದ್ದೂ ನಾನು ಹೊರಗೆ ಹೋದೆ.

ಬೀದಿಯುದ್ದಕ್ಕೂ ಜನ ಮೌನವಾಗಿ ನಿಂತಿದ್ದರು. ಕಾರು ನಮ್ಮ ಗೇಟಿನ ಮುಂದೆ ಇನ್ನೂ ನಿಧಾನವಾಯಿತು. ಅಷ್ಟು ಧೈರ್ಯ ತೋರಿಸಿ ಬಂದವಳಿಗೆ ಪೆಟ್ಟಿಗೆಯತ್ತ ನೋಡಲು ಆಗಲಿಲ್ಲ. ಚಕ್ರಗಳನ್ನೇ ನೋಡುತ್ತಾ ನಿಂತೆ. ಹೊಟ್ಟೆಯಲ್ಲಿ ಮಗು ಮಿಸುಕಲಿಲ್ಲ. ಆ ಮಧ್ಯಾಹ್ನವಿಡೀ ಅದು ಒದೆಯುವುದನ್ನೇ ಕಾದೆ, ಅಮ್ಮನಿಗೆ ಹೇಳದೆ. ನಾಲ್ಕು ಗಂಟೆಗೆ ಒದೆಯಿತು. ಬಚ್ಚಲುಮನೆಗೆ ಹೋಗಿ ಅತ್ತೆ.

ಮಾರನೆಯ ದಿನ ಅಜ್ಜಿ ಫೋನ್ ಮಾಡಿದರು. ನಾನು ನಿಂತದ್ದನ್ನು ಮರೆಯುವುದಿಲ್ಲವೆಂದರು. ಆಮೇಲೆ ದನಿ ತಗ್ಗಿಸಿ, "ಆದರೆ ಮಗಳೇ, ನೀನು ಬರಬಾರದಿತ್ತು. ನಾನು ಬಸುರಿಯಾಗಿದ್ದಾಗ ನಮ್ಮಮ್ಮ ಹೆಣದ ಹತ್ತಿರ ಬಿಡುತ್ತಲೇ ಇರಲಿಲ್ಲ. ನಿಮ್ಮಮ್ಮ ತಡೆಯಲಿಲ್ಲವೇ?" ಎಂದರು.

ಎದುರಿಗೆ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಏನಂತೆ?"

"ಥ್ಯಾಂಕ್ಸ್ ಹೇಳಿದ್ರು, ಅಷ್ಟೇ."

"ನೀನು ಹೋಗಿದ್ದೇ ಒಳ್ಳೇದಾಯ್ತು ಬಿಡು," ಎಂದಳು ಅಮ್ಮ. "ಇಲ್ಲಿನ ಪದ್ಧತಿ ನಂಗೇನ್ ಗೊತ್ತು, ಸುಮ್ನೆ ರಂಪ ಮಾಡ್ದೆ."