ಜೀಪು ನಿಂತಿತ್ತು

ಚಿಕ್ಕಪ್ಪನ ಕಾಲಿನ ಹೆಬ್ಬೆರಳಿನಲ್ಲಿ ಆಳವಾದ ಗೀರಿತ್ತು. ಬಲೆ ಹೆಣೆಯುವಾಗ ದಾರವನ್ನು ಅಲ್ಲಿಗೆ ಬಿಗಿದು ಎಳೆದೆಳೆದು ಆದದ್ದು. ಬಲಗಾಲೋ ಎಡಗಾಲೋ, ಈಗ ಹೇಳಲಾರೆ. ಪಕ್ಕದ ಮನೆಯವರು, ನಾನು ಚಿಕ್ಕಪ್ಪ ಎನ್ನುತ್ತಿದ್ದೆ. ಸೂಳೆಕೆರೆಯ ಮೀನು ನಂಬಿ ಬದುಕಿದವರು. ಬಲೆ ಬರಿದಾಗಿ ಬಂದರೆ, "ಇವತ್ತು ಮೀನಿಗೆ ರಜಾ ಕಣೋ" ಎನ್ನುತ್ತಿದ್ದರು.

ಒಮ್ಮೆ ಕೆರೆಯಲ್ಲಿ ಹೆಣ ತೇಲಿತು. ಸತ್ತವನೊಂದಿಗೆ ಜಗಳವಾಡಿದ್ದರೆಂದು ಚಿಕ್ಕಪ್ಪನನ್ನು ಠಾಣೆಗೆ ಒಯ್ದರು. ಬಿಟ್ಟು ಕಳಿಸಿದಾಗ ಅಂಗಾಲು ಊದಿ, ಗೋಡೆ ಹಿಡಿದು ನಡೆದರು. ಅಂದೇ ಊರ ಯಜಮಾನರು ಕಟ್ಟೆಗೆ ಕರೆಸಿದರು. ಹಿರಿಯರ ಮುಂದೆ ತಪ್ಪೊಪ್ಪಿ ಅಡ್ಡಬಿದ್ದರೆ ನಮ್ಮೂರಲ್ಲಿ ಎಂಥ ಜಗಳವೂ ಅಲ್ಲಿಗೆ ಮುಗಿಯುತ್ತದೆ.

"ನಾನೇ ನೂಕ್ದೆ ಅಂದುಬಿಡು. ಮತ್ತೆ ಹೊಡಿಯಲ್ಲ ಅಂದವ್ರೆ ಪೊಲೀಸ್ರು. ಊರಾಗೆ ಮುಗಿಸಾನ" ಎಂದರು ಯಜಮಾನರು.

ಚಿಕ್ಕಪ್ಪ ಹಾಗೇ ಅಂದರು, ಅಡ್ಡಬಿದ್ದರು. ಎಬ್ಬಿಸಲು ಇಬ್ಬರು ಬೇಕಾಯಿತು.

ಆ ಮಾತಿಗೆ ಜೀವಾವಧಿ ಶಿಕ್ಷೆಯಾಯಿತು. "ಪೊಲೀಸರು ಅಲ್ಲಿರಲಿಲ್ಲ, ತಾನಾಗೇ ಒಪ್ಪಿಕೊಂಡ" ಎಂದು ಯಜಮಾನರು ಸಾಕ್ಷಿ ನುಡಿದರು. ಪೊಲೀಸರ ಕಾವಲಿನಲ್ಲಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲದು; ಅಂದು ಕಟ್ಟೆಯ ಬಳಿ ಪೊಲೀಸ್ ಜೀಪು ನಿಂತಿತ್ತು. ನನ್ನ ನೆನಪಿನಲ್ಲಿ ಅದು ಒಮ್ಮೆ ಅರಳಿಮರದಡಿ, ಒಮ್ಮೆ ಶಾಲೆಯ ಮುಂದೆ. ಇಂಥ ನೆನಪನ್ನು ನಾನೇ ನಂಬುವುದಿಲ್ಲ, ಕೋರ್ಟು ನಂಬೀತೇ? ಆದರೆ ನಿಂತಿತ್ತು.

ಮೇಲ್ಮನವಿಯೂ ವಜಾ ಆಯಿತು. ತೀರ್ಪಿನ ಮರುಪರಿಶೀಲನೆಗೆ ಅರ್ಜಿ ಹಾಕಿದ ವಕೀಲರು, ಯಜಮಾನರು ನಿಜ ಬರೆದುಕೊಟ್ಟರೆ ಮಾತ್ರ ಆಸೆ ಎಂದರು. ಚಿಕ್ಕಮ್ಮ ಯಜಮಾನರ ಮನೆಗೆ ಅಲೆದರು.

"ಕೋರ್ಟಾಗೆ ಆಡಿದ್ದನ್ನ ಹೆಂಗಮ್ಮ ತಿರುಗ್ಸಲಿ? ನನ್ನೇ ಒಳಗೆ ಹಾಕ್ತಾರೆ."

"ಒಳಗೆ ಹೆಂಗಿರ್ತೈತೆ ಅಂತ ನಮ್ಮನೇರ್ನ ಕೇಳಿ ಹೇಳ್ಲಾ ಯಜಮಾನ್ರೆ?"

ಜೈಲಿನಲ್ಲಿ ಕೊನೆಯ ಸಲ ನೋಡಿದಾಗ ಚಿಕ್ಕಪ್ಪ ಸೊರಗಿ ಅರ್ಧವಾಗಿದ್ದರು. "ಇಲ್ಲಿ ಮೀನು ಹಾಕಲ್ಲ ಕಣೋ. ಅದಕ್ಕೂ ಒಂದು ಅರ್ಜಿ ಬರಿ" ಎಂದು ನಕ್ಕರು. ನಾನು ಹೊರಟಾಗ ಅವರು ಜಾಲರಿಯಿಂದ ಬೆರಳು ತೆಗೆಯಲಿಲ್ಲ. "ಯಜಮಾನ್ರು ಏನಂದ್ರು?" ನಾನು ಸುಳ್ಳು ಹೇಳಿದೆ: "ಯೋಚ್ನೆ ಮಾಡ್ತಾವ್ರೆ."

ಅರ್ಜಿ ವಿಚಾರಣೆಗೆ ಬರುವ ಮೊದಲೇ ಅವರು ಜೈಲಿನಲ್ಲಿ ತೀರಿಕೊಂಡರು. ಮಣ್ಣಿಗೆ ಯಜಮಾನರೂ ಬಂದರು. ಹಿಡಿ ಮಣ್ಣು ತೆಗೆದುಕೊಂಡಾಗ ಚಿಕ್ಕಮ್ಮ ಅಡ್ಡ ನಿಂತರು.

"ಜೀಪು ಇತ್ತೋ ಇಲ್ವೋ, ಅವ್ರ ಮುಂದೇನೆ ಹೇಳ್ರಿ."

ಯಜಮಾನರು ಗುಂಡಿಯೊಳಗೆ ನೋಡಿದರು. "ಇತ್ತು ಕಣಮ್ಮ."

"ಅವ್ರು ಹೋದ್ಮೇಲೂ ಕೇಸು ನಡೆಸಬಹುದು ಅಂದವ್ರೆ ವಕೀಲ್ರು. ಇದನ್ನೇ ಕೋರ್ಟಿಗೆ ಬಂದು ಹೇಳ್ತೀರಾ?"

ಅವರು ಮಣ್ಣು ಹಾಕಿದರು. ಕೈ ಕೊಡವಿಕೊಂಡು ಹೊರಟರು.