ಅಣ್ಣನ ಪಾಲಿನ ಮಣ್ಣು

ಪಾಂಚೆವೊ ಊರಿನ ಸಾವಿನ ಮನೆಗಳಲ್ಲಿ ಕಾಫಿ, ರಾಕಿಯಾ ಸಾರಾಯಿಯ ಪಕ್ಕ ಒಂದು ಬಸಿ ತುಂಬ ನರ ತಣ್ಣಗಾಗಿಸುವ ಗುಳಿಗೆ ಇರಲೇಬೇಕು. ಬಾಯಾರಿ ಬಂದವರಿಗೆ ನೀರು ಬೆಲ್ಲ ಕೊಟ್ಟಷ್ಟೇ ಸಲೀಸಾಗಿ ಕೊಡುತ್ತಾರೆ. ಈ ಉಪಚಾರ ಯಾವ ಪುಣ್ಯಾತ್ಮ ಶುರು ಮಾಡಿದನೋ, ಅವನ ಬಾಯಿಗೆ ಮಣ್ಣು ಬೀಳಲಿ.

ಬಟ್ಟೆ ಹೊಲಿಯುವ ದೆಸಾಂಕಾಗೆ ಮೊದಲ ಗುಳಿಗೆ ಕೊಟ್ಟವರು ಡಾಕ್ಟರಲ್ಲ, ಅತ್ತಿಗೆ ರಾದೊಯ್ಕಾ. ತೊಂಬತ್ತೊಂಬತ್ತನೇ ಇಸವಿಯ ಯುದ್ಧದಲ್ಲಿ ಊರಿನ ಮೇಲೆ ಬಾಂಬು ಬೀಳುತ್ತಿದ್ದಾಗ, "ನುಂಗು, ನಿದ್ದೆ ಬರುತ್ತೆ" ಎಂದಿದ್ದಳು. ಬಾಂಬು ನಿಂತಿತು, ಗುಳಿಗೆ ನಿಲ್ಲಲಿಲ್ಲ. ಆಮೇಲೆ ಡಾಕ್ಟರರು ಇಪ್ಪತ್ತು ವರ್ಷ ತಲೆಯೆತ್ತದೆ ಚೀಟಿ ಬರೆದುಕೊಟ್ಟರು. ಅಮ್ಮನನ್ನು ಮಣ್ಣು ಮಾಡಿದ ದಿನ ಮೂರು ನುಂಗಿ ನಿಂತಿದ್ದ ದೆಸಾಂಕಾಗೆ, ಗುಂಡಿಗೆ ತಾನು ಮಣ್ಣು ಹಾಕಿದ್ದೂ ನೆನಪಿಲ್ಲ. ಆ ನಾಚಿಕೆಗೆ ಒಂದು ದಿನ ಎಲ್ಲ ಗುಳಿಗೆಯನ್ನೂ ಕಕ್ಕಸಿಗೆ ಸುರಿದಳು. ವಾರ ಕಳೆಯುವುದರೊಳಗೆ ಫಿಟ್ಸ್ ಬಂದು ಹೊಲಿಗೆ ಮೆಷಿನ್ನಿನ ಮೇಲೆ ಬಿದ್ದಳು.

"ಇಷ್ಟು ವರ್ಷ ಹತ್ತಿದ ಏಣಿಯಿಂದ ಯಾರಾದ್ರೂ ಧುಮುಕ್ತಾರೇನಮ್ಮ? ಒಂದೊಂದೇ ಮೆಟ್ಟಿಲು ಇಳೀಬೇಕು" ಎಂದು ಆಸ್ಪತ್ರೆಯ ಡಾಕ್ಟರಮ್ಮ ಬೈದಳು.

ಅಂದಿನಿಂದ ಹದಿನಾಲ್ಕು ತಿಂಗಳು, ಉಗುರು ಉಜ್ಜುವ ಅರದಿಂದ ಗುಳಿಗೆಯನ್ನು ತೇಯ್ದು, ಡಾಕ್ಟರಮ್ಮ ಹೇಳಿದಷ್ಟೇ ಕಮ್ಮಿ ಮಾಡುತ್ತಾ ಬಂದಳು. ಮೈ ಬೆವರುತ್ತಿತ್ತು, ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವಳನ್ನು ಕರೆಯಬೇಕಾಗಿತ್ತು. ಕೊನೆಗೆ ದಿನಕ್ಕೆ ಅಕ್ಕಿಕಾಳಿನಷ್ಟು ಚೂರಿಗೆ ಬಂದು ನಿಂತಾಗ ಅಣ್ಣ, ರಾದೊಯ್ಕಾಳ ಗಂಡ ತಿಹೊಮಿರ್ ತೀರಿಕೊಂಡ. ಈ ಸಲವಾದರೂ ಎಚ್ಚರದಲ್ಲಿ ನಿಂತು ಮಣ್ಣು ಮಾಡಬೇಕು ಎನ್ನುವುದೊಂದೇ ಅವಳ ಹಟ.

ಮಣ್ಣು ಮಾಡುವ ದಿನ ರಾದೊಯ್ಕಾ ಗುಳಿಗೆಯ ಬಸಿ ಹಿಡಿದು ಬಂದಳು. "ತಗೋ."

"ಬೇಡ ಅತ್ತಿಗೆ."

"ಕೈ ನೋಡ್ಕೋ, ಹೇಗೆ ಅಲ್ಲಾಡ್ತಿದೆ! ಬಂದವರ ಮುಂದೆ ಮಾನ ಕಳೀಬೇಡ."

"ನನ್ನ ಕೈ, ನನ್ನ ನಡುಕ. ನಿನಗೇನು ಕಷ್ಟ?"

ಮೂತಿ ತಿರುಗಿಸಿ ಒಳಗೆ ಹೋದ ರಾದೊಯ್ಕಾ ಕಾಫಿ ತಂದಳು. ಒಂದು ಗುಟುಕು ಬಾಯಿಗಿಟ್ಟಾಗ ದೆಸಾಂಕಾಗೆ ಬಟ್ಟಲಿನ ಅಂಚಿನಲ್ಲಿ ಬಿಳಿ ಪುಡಿ ಕಂಡಿತು. ಅವಳು ಕಾಫಿಗೆ ಸಕ್ಕರೆ ಹಾಕುವವಳೇ ಅಲ್ಲ. ಅದು ಸಕ್ಕರೆಯಲ್ಲ ಎಂದು ನಾಲಿಗೆಯೂ ಹೇಳಿತು. ಎಲ್ಲರ ಎದುರೇ ಬಟ್ಟಲಿಗೆ ಉಗಿದಳು.

"ಥೂ ಪಾಪಿ! ನಾನು ಸತ್ತು ಸತ್ತು ಇಳಿಸಿದ್ದನ್ನ ಒಂದು ಚಮಚದಲ್ಲಿ ಕಲಸಿ ಕೊಡ್ತೀಯಾ?"

"ನಿನ್ನ ಒಳ್ಳೇದಕ್ಕೇ ಕಣೇ."

"ನಿನ್ನ ಒಳ್ಳೇದಕ್ಕೆ ಬೆಂಕಿ ಹಾಕ!"

ರಾದೊಯ್ಕಾ ಅವಳನ್ನೇ ದುರುಗುಟ್ಟಿ ನೋಡುತ್ತಾ ಬಸಿಯಿಂದ ಮೂರು ಗುಳಿಗೆ ಎತ್ತಿ ತಾನೇ ನುಂಗಿದಳು.

ಸ್ಮಶಾನದಲ್ಲಿ ದೆಸಾಂಕಾಳ ಕೈಯಲ್ಲಿದ್ದ ಮೇಣದ ಬತ್ತಿ ಎರಡು ಸಲ ಆರಿತು. ಅವಳು ಬಾಯಿಬಿಟ್ಟು ಅತ್ತಳು. ನೆಂಟರು ಮುಖ ಸಿಂಡರಿಸಿದರೆ ಸಿಂಡರಿಸಲಿ! ಹಗ್ಗ ಜಾರಿದ್ದು, ಶವಪೆಟ್ಟಿಗೆ ಗುಂಡಿಯ ತಳ ಮುಟ್ಟಿದ ಸದ್ದು, ಎಲ್ಲವೂ ಅವಳಿಗೆ ದಕ್ಕಿತು. ತನ್ನ ಪಾಲಿನ ಮಣ್ಣು ಹಾಕಿ, ಇನ್ನೊಂದು ಹಿಡಿ ಎತ್ತಿ ಅತ್ತಿಗೆಯ ಕೈಗೆ ಇಟ್ಟಳು.

ಊಟ ಮುಗಿಸಿ ಜನ ಹೋದ ಮೇಲೆ, ಕೋಟು ಕೂಡ ತೆಗೆಯದೆ ಕೂತಿದ್ದ ರಾದೊಯ್ಕಾ ಕೇಳಿದಳು: "ದೆಸಾಂಕಾ, ನಾನು ಅವರಿಗೆ ಮಣ್ಣು ಹಾಕಿದೆ ತಾನೇ?"

ದೆಸಾಂಕಾಳ ಹೊಟ್ಟೆ ತಣ್ಣಗಾಯಿತು. "ಇಲ್ಲ. ನೀನು ಜೇಬಿಗೆ ಹಾಕ್ಕೊಂಡೆ. ನಾನು ನೋಡಿಯೂ ಬೇಕಂತಲೇ ಸುಮ್ಮನಿದ್ದೆ."

ರಾದೊಯ್ಕಾ ಜೇಬಿಗೆ ಕೈ ಹಾಕಿದಳು. ಹಿಡಿ ಮಣ್ಣು ಮೇಜಿನ ಬಟ್ಟೆಯ ಮೇಲೆ ಉದುರಿತು. ಅವಳ ಬಾಯಿ ತೆರೆಯಿತು, ಅಳು ಬರಲಿಲ್ಲ. ಆ ಒಣ ಮುಖ ದೆಸಾಂಕಾಗೆ ಗೊತ್ತು. ಅಮ್ಮನ ಗುಂಡಿಯ ಮುಂದೆ ತಾನೂ ಹೀಗೇ ನಿಂತಿದ್ದಳು. ಬಂದ ಸಂತೋಷ ಅಲ್ಲಿಗೇ ಸತ್ತಿತು, ಸಿಟ್ಟು ಮಾತ್ರ ಹಾಗೇ ಇತ್ತು.

"ಬಾಚ್ಕೋ ಅದನ್ನ. ಏಳು, ಹೋಗಿ ಹಾಕಿ ಬರೋಣ. ನಿನ್ನ ಮೇಲಿನ ಕರುಣೆಗಲ್ಲ, ಅದು ನಮ್ಮಣ್ಣನ ಪಾಲಿನ ಮಣ್ಣು."

ನಡುಗುವ ಕೈಯಿಂದಲೇ ಅತ್ತಿಗೆಯ ರಟ್ಟೆ ಹಿಡಿದು ಎಬ್ಬಿಸಿದಳು.