ಬೆನ್ನ ಮೇಲಿನ ಎರಡು ಪಟ್ಟಿ

ಅರವತ್ತರ ದಶಕದ ಮೊದಲ ವರ್ಷಗಳು. ಕುಮಟೆಯ ಒಂದು ದವಾಖಾನೆಯಲ್ಲಿ ನಾನು ನರ್ಸ್. ಕ್ಷಯರೋಗಿಗಳಿಗೆ ದಿನವೂ ಸ್ಟ್ರೆಪ್ಟೊಮೈಸಿನ್ ಚುಚ್ಚುವುದು ನನ್ನ ಪಾಲಿನ ಕೆಲಸ. ಸಿರಿಂಜಿನ ಗಾಳಿ ತೆಗೆಯುವಾಗ ಮದ್ದು ಬೆರಳಿಗೆ ಸಿಡಿಯುತ್ತಿತ್ತು. ಎರಡನೇ ವರ್ಷಕ್ಕೆ ಬೆರಳ ಸಂದಿಗಳು ಒಡೆದು ನೀರು ಸೋರತೊಡಗಿದವು.

"ಮನೇಲಿ ಮೀನು ಕೊಯ್ತೀಯಲ್ಲ, ಅದರದ್ದೇ ನಂಜು" ಎಂದು ಹಿರಿಯ ನರ್ಸ್ ಎಲ್ಲರೆದುರು ಹೇಳಿದರು. ಆ ರಾತ್ರಿ ಮನೆಗೆ ಹೋಗಿ ಅದನ್ನು ಅವ್ವನಿಗೆ ಹೇಳಿದೆ.

ನನ್ನವ್ವ ಕಾಗಾಲದಲ್ಲಿ ಬುಟ್ಟಿ ಹೊತ್ತು ಮೀನು ಮಾರುವವಳು. ಈ ಮಾತು ಕೇಳಿದ್ದೇ, ಮರುದಿನ ಮೀನು ಮಾರಿ ಮುಗಿಸಿ ನೇರ ಡಾಕ್ಟರ ಎದುರು ಬಂದು ನಿಂತು ಎರಡೂ ಅಂಗೈ ಚಾಚಿದಳು.

"ಮೀನು ಕೊಯ್ಯೂಕೆ ಹಿಡ್ದು ಮೂವತ್ತು ವರ್ಷ ಆತು, ಡಾಕ್ಟರೆ. ನನ್ನ ಕೈಗೆ ಎಂತ ಆಗಿದೆ, ನೋಡಿ."

ಡಾಕ್ಟರು ಅವಳ ಕೈ ನೋಡಿದರು, ಆಮೇಲೆ ನನ್ನದು. "ಮದ್ದೇ ಒಗ್ಗದಿರಬಹುದು. ಮದ್ದಲ್ಲಿ ನೆನೆಸಿದ ಬಟ್ಟೆಪಟ್ಟಿ ಬೆನ್ನಿಗೆ ಹಾಕಿ ಪರೀಕ್ಷೆ ಮಾಡುವಾ" ಎಂದರು.

"ಹಂಗಾದ್ರೆ ಮೀನು ತೊಳೆದ ನೀರಿಂದೂ ಒಂದು ಹಾಕಿ" ಎಂದಳು ಅವ್ವ.

ಅವರು ನಕ್ಕರು; ಆದರೆ ಹಾಕಿದರು. ಎಡಕ್ಕೆ ಮದ್ದು, ಬಲಕ್ಕೆ ಮೀನಿನ ನೀರು.

ಎರಡು ದಿನ ಇಡಬೇಕಾದ ಪಟ್ಟಿ ಅದು. ಸಂಜೆಯೊಳಗೇ ಎಡಬದಿ ಉರಿಯತೊಡಗಿತು. ಮೈತುಂಬ ದದ್ದು ಎದ್ದಿತು, ಕಣ್ಣು ಊದಿ ಮುಚ್ಚಿಕೊಂಡವು, ಉಸಿರು ಸಿಳ್ಳೆ ಹಾಕಿತು. ಡಾಕ್ಟರು ಓಡಿಬಂದು ಪಟ್ಟಿ ಕಿತ್ತು, ಬೆನ್ನು ತೊಳೆಸಿ, ಇಂಜೆಕ್ಷನ್ ಕೊಟ್ಟರು. ಉಸಿರು ಸರಿಯಾಗುವವರೆಗೆ ನನ್ನ ನಾಡಿ ಬಿಡಲಿಲ್ಲ.

"ತಪ್ಪು ನನ್ನದು. ಮದ್ದನ್ನ ಇನ್ನೂ ತೆಳು ಮಾಡಬೇಕಿತ್ತು" ಎಂದರು ಅವ್ವನಿಗೆ. ಡಾಕ್ಟರೊಬ್ಬರು ಮೀನು ಮಾರುವ ಹೆಂಗಸಿನೆದುರು ತಪ್ಪೊಪ್ಪಿಕೊಂಡದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಅವ್ವ ನನ್ನ ಬೆನ್ನನ್ನೇ ನೋಡುತ್ತಿದ್ದಳು. ಎಡಕ್ಕೆ ಅಂಗೈಯಗಲ ಬೊಕ್ಕೆ. ಬಲಕ್ಕೆ ಏನೂ ಇಲ್ಲ. ಅವಳು ಅಳುತ್ತಲೇ ಹಿರಿಯ ನರ್ಸನ್ನು ಕರೆದಳು: "ನರ್ಸ್ ಬಾಯಾರೆ, ಬನ್ನಿ. ಮೀನಿಂದು ಎಂತ ಆತು, ನೋಡಿ ಹೇಳಿ."

ಅವರು ಬಂದು ನೋಡಿ, ನನ್ನ ಬೆನ್ನಿಗೆ ಮುಲಾಮು ಹಚ್ಚಿದರು.

ಆ ಮದ್ದನ್ನು ನಾನು ಮತ್ತೆ ಮುಟ್ಟಲಿಲ್ಲ. ದವಾಖಾನೆಗೆ ರಬ್ಬರ್ ಕೈಗವಸು ಬಂತು. ಗಾಳಿ ತೆಗೆಯುವಾಗ ಸೂಜಿಯ ತುದಿಗೆ ಹತ್ತಿ ಹಿಡಿಯುವುದು ನಿಯಮವಾಯಿತು. ಅದನ್ನು ಹೇಳಿಕೊಡಲು ಡಾಕ್ಟರು ನನ್ನನ್ನೇ ಹೊನ್ನಾವರಕ್ಕೂ ಭಟ್ಕಳಕ್ಕೂ ಕಳಿಸಿದರು. ಭಟ್ಕಳದಲ್ಲಿ ವಯಸ್ಸಾದ ಕಂಪೌಂಡರರೊಬ್ಬರು ನನ್ನ ಮಾತನ್ನೆಲ್ಲ ಕೇಳಿ, ಜೇಬಿನಿಂದ ತಮ್ಮ ಒಡೆದ ಕೈ ಹೊರತೆಗೆದು ಮೇಜಿನ ಮೇಲಿಟ್ಟರು.

"ಇನ್ನೊಮ್ಮೆ ಹೇಳು, ಬೇಟಿ. ನಿಧಾನಕ್ಕೆ ಹೇಳು."

ನಾನು ಮೊದಲಿಂದ ಹೇಳಿದೆ.